ಅರವತ್ತಾರು ಹೋಗಿ ಎಪ್ಪತ್ತು ಬಂದಾಗ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿ ಬಂದ ಮೇಲೆ ನಾವು ಮಾಡಿದ ಮೊದಲ ಅವಿವೇಕವೆಂದರೆ ಮನೆಯ ಗಣಕಯಂತ್ರದ ಉಬುಂಟುವನ್ನು 20.04ರಿಂದ 22.04ಕ್ಕೆ ಏರಿಸಿದ್ದು. ಯಂತ್ರವೇನೋ ಚುರುಕಾಯಿತು, ತಂದೆಯವರ ಬರಹ ಮಾತ್ರ ಓದಲಾಗದೆ ಹೋಯಿತು.

ಕೊನೆಯ ವರ್ಷಗಳಲ್ಲಿ ತಂದೆಯವರು ನಾಸಿಕದ ಮನೆಯಲ್ಲಿ ಕುಳಿತು ತಮ್ಮ ಬಾಲ್ಯದ ನೆನಪುಗಳನ್ನು ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದರು. ಆ ಕಾಲದ ಕಡತಗಳಲ್ಲಿ ಇರುವುದು ಕನ್ನಡದ ಅಕ್ಷರಗಳಲ್ಲ, ಅಕ್ಷರದ ಆಕಾರಗಳಿಗೆ ಕೊಟ್ಟ ಸಂಕೇತಗಳು. ಆ ಫಾಂಟ್ ಇಲ್ಲದೆಡೆ ಅವು ಅರ್ಥವಿಲ್ಲದ ರೋಮನ್ ಗೀಚು. ಅದನ್ನು ಯೂನಿಕೋಡಿಗೆ ತರಲು ನಾಸಿಕದ ಕನ್ನಡ ಗೆಳೆಯರೊಬ್ಬರು ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ತಂದೆಯವರ ತಿಥಿಯ ಹೊತ್ತಿಗೆ ಅದನ್ನೊಂದು ಪುಸ್ತಿಕೆಯಾಗಿಸಿ ಸೋದರತ್ತೆಯ ಕೈಗಿಡಬೇಕೆಂಬುದು ನಮ್ಮ ಸಂಕಲ್ಪ. ಅತ್ತೆಗೆ ಎಂಬತ್ತೇಳು ದಾಟಿತ್ತು; ಇನ್ನೊಂದು ವರ್ಷ ಕಾಯುವ ಧೈರ್ಯ ನಮಗಿರಲಿಲ್ಲ.

ಪ್ರೋಗ್ರಾಮ್ ಹೇಳಿದ್ದಿಷ್ಟು: ಐಸಿಯು ಲೈಬ್ರರಿಯ 66ನೆಯ ಆವೃತ್ತಿ ಇಲ್ಲ. ಇಂಗ್ಲಿಷ್ ಎಂ.ಎ. ಓದಿದ ನಮಗೆ ಲೈಬ್ರರಿಯೆಂದರೆ ಪುಸ್ತಕದ ಮನೆ. ಇಲ್ಲಿ ಅದರ ಅರ್ಥ ಬೇರೆ. ಹಲವು ಪ್ರೋಗ್ರಾಮುಗಳಿಗೆ ಬೇಕಾದ ಕೆಲಸವನ್ನು ಒಂದೆಡೆ ಬರೆದಿಟ್ಟು, ಎಲ್ಲವೂ ಅದನ್ನೇ ಹಂಚಿಕೊಳ್ಳುವ ಏರ್ಪಾಡು ಅದು. ಎಲ್‌ಡಿಡಿ ಎಂಬ ಆಜ್ಞೆ ಕೊಟ್ಟರೆ ಯಾವ ಪ್ರೋಗ್ರಾಮ್ ಯಾರನ್ನು ನೆಚ್ಚಿದೆಯೆಂಬ ಪಟ್ಟಿ ಬರುತ್ತದೆ. ನಮ್ಮ ಪಟ್ಟಿಯಲ್ಲಿ 66ರ ಎದುರು ‘ಸಿಗಲಿಲ್ಲ’ ಎಂದಿತ್ತು. ಹೊಸ ಉಬುಂಟುವಿನಲ್ಲಿ ಇದ್ದದ್ದು 70.

ನಾವು ಜಾಣತನ ಮಾಡಿದೆವು: 66ರ ಹೆಸರಿನಲ್ಲೊಂದು ಕೊಂಡಿ ಸೃಷ್ಟಿಸಿ 70ಕ್ಕೆ ತೋರಿಸಿದೆವು. ಕಡತ ಸಿಕ್ಕಿತು, ಕೆಲಸ ನಡೆಯಲಿಲ್ಲ. ಐಸಿಯು ತನ್ನ ಒಳಗಿನ ಪ್ರತಿಯೊಂದು ಕಾರ್ಯದ ಹೆಸರಿಗೂ ಆವೃತ್ತಿಯ ಅಂಕಿ ಸೇರಿಸಿರುತ್ತದೆ. ಬಾಗಿಲ ಫಲಕ ಬದಲಿಸಿದ ಮಾತ್ರಕ್ಕೆ ಒಳಗಿರುವವನಿಗೆ ಹಿಂದಿನವನ ಕಡತಗಳು ತಿಳಿಯವೆಂಬುದು, ವರ್ಗಾವಣೆಯ ನೌಕರಿಯಲ್ಲಿರುವ ನಮಗೆ ಮೊದಲೇ ಹೊಳೆಯಬೇಕಿತ್ತು.

ಕೊಂಡಿಯನ್ನು ಅಳಿಸಿ ಗೆಳೆಯರಿಗೆ ಫೋನ್ ಮಾಡಿದೆವು.

“ಹಳೆಯ ಲೈಬ್ರರಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು ಇದೊಂದಕ್ಕೇ ದಾರಿ ತೋರಿಸಬಹುದು ಸರ್. ಆದರೆ ಅದು ತೇಪೆ. ಮೂಲ ನನ್ನ ಹತ್ತಿರ ಇದೆ, ಕಳಿಸ್ತೀನಿ. ನಿಮ್ಮ ಯಂತ್ರದಲ್ಲೇ ಮತ್ತೆ ಕಂಪೈಲ್ ಮಾಡಿ.”

ಅದೇ ರಾತ್ರಿ ಮಾಡಿದೆವು. ತಂದೆಯವರ ಮೊದಲ ಸಾಲು, ಅವರದೇ ಒಂದು ಕಾಗುಣಿತದ ತಪ್ಪಿನೊಡನೆ, ಪರದೆಯ ಮೇಲೆ ಬಂದು ನಿಂತಿತು. ತಿದ್ದಲು ಮನಸ್ಸಾಗಲಿಲ್ಲ.

ಮರುಭಾನುವಾರ ಎಲ್ಲೋರಕ್ಕೆ ಹೋಗಿದ್ದೆವು. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ ಒಂದೇ ಬಂಡೆಯಿಂದ ಇಳಿದದ್ದು. ಹೊರಗಿನಿಂದ ಒಂದು ಕಲ್ಲನ್ನೂ ಬೇಡಲಿಲ್ಲ. ನಮ್ಮ ಬರಹಗಳಿಗೆ ಆ ಭಾಗ್ಯವಿಲ್ಲ. ಊರು ಬಿಟ್ಟ ನಮಗೂ ಇಲ್ಲ. ಈಗ ತಂದೆಯವರ ಬರಹವನ್ನು ಯೂನಿಕೋಡಿನ ಸರಳ ಪಠ್ಯವಾಗಿ ಮೂರು ಕಡೆ ಇಟ್ಟಿದ್ದೇವೆ, ಪ್ರೋಗ್ರಾಮಿನ ಮೂಲವನ್ನೂ ಜೊತೆಗೆ. ಅತ್ತೆ ಪುಸ್ತಿಕೆ ಓದಿ ಮುಗಿಸಿ ಹೇಳಿದ್ದು ಒಂದೇ ಮಾತು: “ಅಣ್ಣ ಹೀಗೇ ತಪ್ಪು ಬರೀತಿದ್ದ.”