ಅಳೆಯುವ ಸೇರು ಯಾರ ಕೈಯಲ್ಲಿದೆ?

ನಮ್ಮ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ನಾವು. ಬಿ.ಎ. ಪರೀಕ್ಷೆಯಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನನ ಹದಿನಾಲ್ಕು ಅಂಶಗಳನ್ನು ಒಂದೂ ಬಿಡದೆ ಬರೆದೆವು. ಶಾಂತಿದೂತ, ಆದರ್ಶವಾದಿ ಅಂತ ಮೇಷ್ಟ್ರು ಬರೆಸಿದ್ದ ನೋಟ್ಸು ಬಾಯಿಪಾಠವಾಗಿತ್ತು. ಒಳ್ಳೇ ಅಂಕ ಬಂತು. ಮನೆಯಲ್ಲಿ ಅವ್ವ ಅಪ್ಪ ಹಿಗ್ಗಿದರು.

ಆಮೇಲೆ ಲೈಬ್ರರಿಯಲ್ಲಿ ಕೂತು ಓದುವಾಗ ಒಂದು ಇಸವಿ ನಮ್ಮನ್ನು ತಡೆದು ನಿಲ್ಲಿಸಿತು. 1913. ಬಾಬಾಸಾಹೇಬ್ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ವರ್ಷ. ವಿಲ್ಸನ್ ಅಧ್ಯಕ್ಷನಾದದ್ದೂ ಅದೇ ವರ್ಷ. ಸರ್ಕಾರಿ ಕಚೇರಿಗಳಲ್ಲಿ ಬಿಳಿಯರ ಜೊತೆ ಕೂತು ದುಡಿಯುತ್ತಿದ್ದ ಕಪ್ಪು ಗುಮಾಸ್ತರನ್ನು ಅವನ ಸರ್ಕಾರ ಬೇರೆ ಕೂರಿಸತೊಡಗಿದ್ದೂ ಅದೇ ವರ್ಷ. ಕೆಲಸದ ಜಾಗ ಬೇರೆ, ಊಟದ ಮೇಜು ಬೇರೆ, ಕಕ್ಕಸು ಬೇರೆ. 1914ರಲ್ಲಿ ವಿಲಿಯಂ ಮನ್ರೋ ಟ್ರಾಟರ್ ಎಂಬ ಕಪ್ಪು ಪತ್ರಕರ್ತರು ಶ್ವೇತಭವನಕ್ಕೇ ಹೋಗಿ ಇದನ್ನು ಕೇಳಿದರು. ಇದು ಅವಮಾನವಲ್ಲ, ನಿಮ್ಮ ಒಳ್ಳೇದಕ್ಕೇ ಎಂಬ ಧಾಟಿಯಲ್ಲಿ ವಿಲ್ಸನ್ ಉತ್ತರ ಕೊಟ್ಟ. ಟ್ರಾಟರ್ ಮಾತಾಡಿದ ರೀತಿಗೇ ಸಿಟ್ಟಾದ. ಈ ಮಾತು ನಮಗೆ ಹೊಸದೇ? ಹೋಟ್ಲಲ್ಲಿ ಬೇರೆ ಲೋಟ ಇಟ್ಟವರೂ ಹೀಗೇ ಅಂದಿದ್ದರು.

1948ರಲ್ಲಿ ಹಾರ್ವರ್ಡಿನ ಆರ್ಥರ್ ಶ್ಲೆಸಿಂಗರ್ 55 ಪಂಡಿತರನ್ನು ಕೇಳಿ ಅಧ್ಯಕ್ಷರಿಗೆ ದರ್ಜೆ ಹಾಕಿಸಿದ. ಲಿಂಕನ್ ಮೊದಲಿಗ, ವಿಲ್ಸನ್ ನಾಲ್ಕನೆಯವನು. 1830ರ ಕಾನೂನಿನಿಂದ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದ ಆಂಡ್ರೂ ಜಾಕ್ಸನ್ ಕೂಡ ‘ಶ್ರೇಷ್ಠ’ರ ಸಾಲಿನಲ್ಲಿ. ಬಿಡುಗಡೆಯಾದ ಗುಲಾಮರ ಕೈಗೆ ಬಂದಿದ್ದ ಭೂಮಿಯನ್ನು 1865ರಲ್ಲಿ ಹಳೇ ಧಣಿಗಳಿಗೇ ವಾಪಸ್ ಕೊಡಿಸಿದ ಆಂಡ್ರೂ ಜಾನ್ಸನ್ ‘ಸಾಧಾರಣ’. ಅಂದರೆ ಪಾಸು! ಕಪ್ಪು ಜನರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನಿನ ವಿರುದ್ಧ 1871ರಲ್ಲಿ ಕಾನೂನು ತಂದು, ದಕ್ಷಿಣ ಕೆರೊಲಿನಾಕ್ಕೆ ಸೈನ್ಯ ಕಳಿಸಿದ ಗ್ರಾಂಟ್ ಮಾತ್ರ ಫೇಲು. ಅವನ ಸರ್ಕಾರದಲ್ಲಿ ಲಂಚ ಇತ್ತು, ನಿಜ. ಆದರೆ ಲಂಚ ಕಂಡ ಕಣ್ಣಿಗೆ ಹೆಣ ಯಾಕೆ ಕಾಣಲಿಲ್ಲ?

ಗೌಡರ ಮನೆಯಲ್ಲಿ ಜೀತಕ್ಕಿದ್ದ ನಮ್ಮಜ್ಜಿ ಹೇಳುತ್ತಿದ್ದಳು: “ಕೂಲಿಗೆ ಅಳ್ದು ಕೊಡೋ ಸೇರೇ ಬ್ಯಾರೆ, ಸಾಲಕ್ಕೆ ಅಳ್ಕೊಳೋ ಸೇರೇ ಬ್ಯಾರೆ ಕಣ್ರಲಾ. ರಾಗಿ ನೋಡ್ಬ್ಯಾಡಿ, ಸೇರು ನೋಡಿ.”

ಸೇರು ತಯಾರಾದದ್ದು ವಿಶ್ವವಿದ್ಯಾಲಯಗಳಲ್ಲೇ. ಬಾಬಾಸಾಹೇಬರು ಓದಿದ ಕೊಲಂಬಿಯಾದಲ್ಲೇ ಡನ್ನಿಂಗ್ ಎಂಬ ಪ್ರೊಫೆಸರ್ ಮತ್ತವನ ಶಿಷ್ಯರು, ಕಪ್ಪು ಜನಕ್ಕೆ ಓಟು ಕೊಟ್ಟದ್ದೇ ತಪ್ಪಾಯಿತು ಎಂಬ ಚರಿತ್ರೆ ಬರೆದರು. ದೇಶವೆಲ್ಲ ಅದನ್ನೇ ಓದಿತು. 1935ರಲ್ಲಿ ಡುಬಾಯ್ಸ್ ಅವರು ದಪ್ಪ ಪುಸ್ತಕವೊಂದನ್ನು ಬರೆದು ಆ ಸುಳ್ಳನ್ನು ಬಯಲಿಗೆಳೆದರು. ಪಂಡಿತರು ಬಹುಕಾಲ ಕಿವಿಗೊಡಲಿಲ್ಲ. 1946ರಲ್ಲಿ ಇದೇ ಡುಬಾಯ್ಸ್ ಅವರಿಗೆ ಅಂಬೇಡ್ಕರ್ ಪತ್ರ ಬರೆದರು. ಅಸ್ಪೃಶ್ಯರ ಸ್ಥಿತಿಗೂ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಅದರಲ್ಲಿ ಹೇಳಿದರು.

ಕಪ್ಪು ಜನ ಬೀದಿಗಿಳಿದು ಹೋರಾಡಿದ ಮೇಲೆ ಸೇರು ಬದಲಾಯಿತು. 2000ದಲ್ಲಿ ಸಿ-ಸ್ಪ್ಯಾನ್ ಎಂಬ ಟೀವಿ ವಾಹಿನಿ ಚರಿತ್ರಕಾರರನ್ನು ಕೇಳಿದಾಗ ಹತ್ತು ಅಳತೆಗಳಲ್ಲಿ ಒಂದು, ಎಲ್ಲರಿಗೂ ಸಮಾನ ನ್ಯಾಯ. ಆಗ 33ನೆಯವನಾಗಿದ್ದ ಗ್ರಾಂಟ್ 2021ಕ್ಕೆ 20ಕ್ಕೆ ಏರಿದ. ವಿಲ್ಸನ್ 6ರಿಂದ 13ಕ್ಕೆ ಇಳಿದ. ಜಾನ್ಸನ್ ಕೊನೆಯಿಂದ ಎರಡನೆಯವನು. ಸತ್ತವರು ಹೊಸದಾಗಿ ಏನೂ ಮಾಡಿರಲಿಲ್ಲ.

ಹಾಗಂತ ಈ ಸೇರೂ ಪೂರ್ತಿ ಸರಿಯಿಲ್ಲ. ಮೊದಲ ಸ್ಥಾನ ಬಿಡದ ಲಿಂಕನ್ನನ ಒಪ್ಪಿಗೆಯಿಂದಲೇ 1862ರ ಡಿಸೆಂಬರ್ 26ರಂದು 38 ಡಕೋಟಾ ಮೂಲನಿವಾಸಿಗಳನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಇನ್ನುಳಿದ ಇನ್ನೂರಕ್ಕೂ ಹೆಚ್ಚು ಜನರ ಗಲ್ಲು ತಪ್ಪಿಸಿದವನೂ ಅವನೇ. ಡಕೋಟಾ ಅಜ್ಜಿಯರ ಕೈಗೆ ಸೇರು ಕೊಟ್ಟರೆ ಪಟ್ಟಿ ಹೇಗಿರುತ್ತದೋ?

ಗೆಳೆಯರೇ, ನಮ್ಮಲ್ಲಿ ಕೆಲವರು ಈಗ ಮೇಷ್ಟ್ರಾಗಿದ್ದೇವೆ. ಅದೇ ಹದಿನಾಲ್ಕು ಅಂಶಗಳನ್ನು ನಾವೇ ಬರೆಸಬೇಕು. ಬರೆಸೋಣ, ಮಕ್ಕಳಿಗೆ ಅಂಕ ಬೇಕು. ಆದರೆ ಬೋರ್ಡು ಒರೆಸುವ ಮೊದಲು ಆ ಗುಮಾಸ್ತರ ಬೇರೆ ಮೇಜಿನ ಕತೆಯನ್ನೂ ಹೇಳೋಣ. ಹೇಳದಿದ್ದರೆ ನಾವು ಬರೆದ ಹಾಗೇ ಅವರೂ ಬರೆಯುತ್ತಾರೆ. ಒಳ್ಳೇ ಅಂಕವೂ ಬರುತ್ತದೆ.