ಬಿಸಿನೀರಿನ ಊರಿನಲ್ಲಿ ಎರಡು ದಿನ

ನಾನು ಜಪಾನಿಗೆ ಹೋಗಿ ಬಂದೆನೆಂಬ ಸುದ್ದಿ ಕಾಲೇಜಿನಲ್ಲಿ ಹರಡಿದ ದಿನದಿಂದ ಕಂಡಕಂಡವರೆಲ್ಲ ಬುಲೆಟ್ ರೈಲಿನ ವಿಚಾರ ಕೇಳುತ್ತಾರೆ. ಭೂಗೋಳದ ಅಧ್ಯಾಪಕರು ಜ್ವಾಲಾಮುಖಿಯ ವಿಚಾರ ಕೇಳಿದರು. ಹಾಸ್ಟೆಲಿನ ಗೆಳತಿಯರು ಊಟದ ವಿಚಾರ ಕೇಳಿದರು. ರೈಲು ಬಲು ವೇಗವಾಗಿ ಹೋಯಿತು, ಜ್ವಾಲಾಮುಖಿ ಹೊಗೆಯಾಡುತ್ತಿತ್ತು, ಊಟಕ್ಕೆ ಕಷ್ಟವಾಯಿತು. ಇಷ್ಟಕ್ಕೆ ಅವರ ಪ್ರಶ್ನೆಗಳಿಗೆಲ್ಲ ಉತ್ತರವಾಯಿತೆಂದು ಭಾವಿಸುತ್ತೇನೆ. ನಾನು ಹೇಳಹೊರಟಿರುವುದು ಒಂದು ಸ್ನಾನದ ವಿಚಾರ. ಆ ಸ್ನಾನವೂ ನನ್ನದಲ್ಲ, ನನ್ನ ತಾಯಿಯದು. ತಾಯಿಯ ಸ್ನಾನದ ಕಥೆಯನ್ನು ಕಾಲೇಜು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಇವಳೆಂಥ ಮಗಳು ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಬರೆದುದನ್ನು ಮೊದಲು ಅಮ್ಮನಿಗೇ ಓದಿ ಹೇಳಿದ್ದೇನೆ. ಎಲ್ಲವನ್ನೂ ಕೇಳಿ, "ಬೆಂಡೆಕಾಯಿಯ ವಿಷಯ ಬಿಟ್ಟಿದ್ದೀಯಲ್ಲೇ" ಎಂದಳು. ಅದನ್ನೂ ಸೇರಿಸಿದ್ದೇನೆ.

ನನ್ನ ಭಾವನವರು ಜಪಾನಿನ ದಕ್ಷಿಣದ ದ್ವೀಪವಾದ ಕ್ಯೂಷುವಿನಲ್ಲಿ, ಫುಕುವೋಕ ನಗರದಲ್ಲಿ ಕೆಲಸದಲ್ಲಿದ್ದಾರೆ. 2024ರ ಅಕ್ಟೋಬರಿನಲ್ಲಿ, ದಸರಾ ರಜೆಗೆ, ಅಕ್ಕ ನಮ್ಮನ್ನು ಕರೆಸಿಕೊಂಡಳು. ಅಪ್ಪ "ಹಸು ಕರೆಯುವವರು ಯಾರು?" ಎಂದು ಊರಿನಲ್ಲೇ ಉಳಿದರು. ಅಕ್ಕ ಇಷ್ಟು ಹಟ ಹಿಡಿದು ಕರೆಸಿದ್ದಕ್ಕೆ ಕಾರಣವಿತ್ತು. 2021ರಲ್ಲಿ ಅಮ್ಮನಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಎಡ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಅದು ಕೊರೋನಾ ಕಾಲ. ಅಕ್ಕನಿಗೆ ಬರಲಾಗಲಿಲ್ಲ. ತಾಯಿಯ ಕಾಯಿಲೆಯನ್ನು ಅವಳು ಕಂಡದ್ದೆಲ್ಲ ಫೋನಿನ ಪರದೆಯ ಮೇಲೆ.

ಕಾಯಿಲೆ ಹೋಯಿತು, ಆದರೆ ನಮ್ಮ ಬಚ್ಚಲುಮನೆಯ ಬಾಗಿಲಿಗೆ ಅಗಳಿ ಬಂತು. ಅದಕ್ಕೆ ಮೊದಲು ಆ ಬಾಗಿಲು ಮುಚ್ಚಿದ್ದೇ ಕಡಿಮೆ. ನರಕಚತುರ್ದಶಿಯ ದಿನ ಅಮ್ಮ ನಾಲ್ಕು ಗಂಟೆಗೇ ಎದ್ದು ಹಂಡೆಗೆ ಉರಿ ಹಾಕುತ್ತಿದ್ದಳು. ಮನೆಮಂದಿಯ ಜೊತೆಗೆ ಅತ್ತೆಯರು, ಪಕ್ಕದ ಮನೆಯ ಅಜ್ಜಿ, ಎಲ್ಲರಿಗೂ ಅವಳೇ ಎಣ್ಣೆಯೊತ್ತಿ, ಸೀಗೆಪುಡಿ ಹಾಕಿ, ಚರ್ಮ ಸುಲಿದುಬರುವಂತೆ ಬೆನ್ನು ಉಜ್ಜಬೇಕು. ಬೆನ್ನುಜ್ಜುವುದರಲ್ಲಿ ಅಮ್ಮನದು ನಮ್ಮ ಕೇರಿಗೇ ಹೆಸರಾದ ಕೈ. ಅಗಳಿ ಬಂದ ಮೇಲೆ ಅದೆಲ್ಲ ನಿಂತಿತು. ಮದುವೆಗಳಿಗೆ ಹೋಗುವುದೂ ನಿಂತಿತು. ಚೌಲ್ಟ್ರಿಯಲ್ಲಿ ಹೆಣ್ಣಿನ ಕಡೆಯ ಇಪ್ಪತ್ತು ಮಂದಿ ಹೆಂಗಸರು ಒಂದೇ ಕೋಣೆಯಲ್ಲಿ ಸೀರೆ ಬದಲಾಯಿಸುತ್ತಾರೆ ಎಂಬುದು ತಮಗೆಲ್ಲ ಗೊತ್ತಿರುವ ವಿಷಯ. ಅಮ್ಮ ಮುಹೂರ್ತದ ಹೊತ್ತಿಗೆ ಬಸ್ಸಿನಲ್ಲಿ ಬಂದು, ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಹೊರಟುಬಿಡುವಳು. ನಂಟರಲ್ಲಿ ಕೆಲವರು ಅದನ್ನು ಜಂಭವೆಂದು ತಿಳಿದದ್ದೂ ಉಂಟು.

ಅಕ್ಕನ ಮನೆಯಲ್ಲಿ ನಾಲ್ಕು ದಿನ ಕಳೆದ ಮೇಲೆ ಮೂವರೂ ಇಬುಸುಕಿಗೆ ಹೊರಟೆವು. ಅದು ಕ್ಯೂಷುವಿನ ದಕ್ಷಿಣ ತುದಿಯಲ್ಲಿ, ಕಡಲ ಕರೆಯಲ್ಲಿರುವ ಬಿಸಿನೀರಿನ ಊರು. ಫುಕುವೋಕದಿಂದ ಕಾಗೋಶಿಮದವರೆಗೆ ಬುಲೆಟ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಆ ಮಾರ್ಗ ಪೂರ್ತಿಯಾದದ್ದು 2011ರಲ್ಲಿ. ಅಲ್ಲಿಂದ ಮುಂದೆ ಪುಟ್ಟದೊಂದು ರೈಲು. ಕಡಲಿನ ಕಡೆಗೆ ಬಿಳಿ ಬಣ್ಣ, ಬೆಟ್ಟದ ಕಡೆಗೆ ಕಪ್ಪು ಬಣ್ಣ. ಬಾಗಿಲು ತೆರೆದರೆ ಮೇಲಿನಿಂದ ಬಿಳಿಯ ಹಬೆ ಬುಸ್ಸೆಂದು ಹೊರಡುತ್ತದೆ. ಅದಕ್ಕೊಂದು ಕಥೆಯುಂಟು. ಉರಾಶಿಮ ತಾರೋ ಎಂಬ ಬೆಸ್ತನು ಒಂದು ಆಮೆಯನ್ನು ಕಾಪಾಡಿ, ಅದರ ಬೆನ್ನೇರಿ ಕಡಲ ತಳದ ಅರಮನೆಗೆ ಹೋಗಿ, ಸುಖವಾಗಿದ್ದು, ಹಿಂದಿರುಗುವಾಗ ತೆರೆಯಬಾರದ ಒಂದು ಪೆಟ್ಟಿಗೆಯನ್ನು ಉಡುಗೊರೆಯಾಗಿ ತರುತ್ತಾನೆ. ಊರಿಗೆ ಬಂದು ತೆರೆದರೆ ಬಿಳಿಯ ಹೊಗೆ ಎದ್ದು ಒಂದೇ ಕ್ಷಣದಲ್ಲಿ ಮುದುಕನಾಗಿಬಿಡುತ್ತಾನೆ. ಅಕ್ಕ ಈ ಕಥೆ ಹೇಳಿದಾಗ ಅಮ್ಮ, "ತೆರೆಯಬಾರದ ಪೆಟ್ಟಿಗೆಯನ್ನು ಕೊಡುವುದಾದರೂ ಯಾಕೆ?" ಎಂದು ಕೇಳಿದಳು. ನಮಗಿಬ್ಬರಿಗೂ ಉತ್ತರ ಹೊಳೆಯಲಿಲ್ಲ.

ದಾರಿಯುದ್ದಕ್ಕೂ ಎಡಗಡೆಗೆ ಕೊಲ್ಲಿ. ಕೊಲ್ಲಿಯಾಚೆ ಸಕುರಾಜಿಮ ಪರ್ವತ. ಎತ್ತರ 1117 ಮೀಟರು. ಹೆಸರಿನಲ್ಲಿ ಇಂದಿಗೂ ದ್ವೀಪವೆಂದೇ ಇದ್ದರೂ 1914ರ ಸ್ಫೋಟದಲ್ಲಿ ಹರಿದ ಲಾವಾ ಕಡಲನ್ನು ತುಂಬಿ ಅದನ್ನು ಆಚೆಯ ಭೂಭಾಗಕ್ಕೆ ಅಂಟಿಸಿಬಿಟ್ಟಿದೆ. ಇಂಥ ಬೆಂಕಿಯ ಮೇಲೆ ಕುಳಿತಿರುವುದರಿಂದಲೇ ಜಪಾನಿನಲ್ಲಿ 27,000ಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ನೆಲದಿಂದ ಬರುವ ನೀರು 25 ಡಿಗ್ರಿಯಷ್ಟು ಬೆಚ್ಚಗಿದ್ದರೂ ಸಾಕು, ಅಥವಾ ಗೊತ್ತುಪಡಿಸಿದ ಖನಿಜಗಳಿದ್ದರೂ ಸಾಕು, ಅದನ್ನು 'ಓನ್‌ಸೆನ್' ಎಂದು ಕರೆಯಬಹುದೆಂದು 1948ರ ಕಾನೂನು ಹೇಳುತ್ತದೆ. ನಮಗೆ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರು ತೀರ್ಥವೊಂದಿದೆ ಎಂದು ನಾನು ಅಭಿಮಾನದಿಂದ ಹೇಳಿದೆ. ಅಕ್ಕ ನಕ್ಕಳು.

ಇಬುಸುಕಿಯಲ್ಲಿ ನೀರಿಗಿಂತ ಮರಳು ಪ್ರಸಿದ್ಧ. ನೆಲದೊಳಗಿನ ಬಿಸಿನೀರು ತೀರದ ಮರಳಿನ ಕೆಳಗೆ ಕಡಲಿಗೆ ಹರಿದುಹೋಗುತ್ತದೆ. ಆದುದರಿಂದ ಮರಳು ಸದಾ 50 ಡಿಗ್ರಿಗೂ ಮೇಲೆ ಕಾದಿರುತ್ತದೆ. ಯುಕಾತ ಎಂಬ ಹತ್ತಿಯ ನಿಲುವಂಗಿಯೊಂದನ್ನು ತೊಟ್ಟು ಮರಳಿನ ಗುಳಿಯಲ್ಲಿ ಅಂಗಾತ ಮಲಗಿದರೆ ಅಲ್ಲಿನ ಕೆಲಸದವರು ಸಲಿಕೆಯಿಂದ ಕತ್ತಿನವರೆಗೆ ಹೂಳುತ್ತಾರೆ. ಬೆಂಗಳೂರಿನ ಡಾಕ್ಟರು ಅಮ್ಮನಿಗೆ ಇದು ಕೂಡದೆಂದು ಮೊದಲೇ ಹೇಳಿದ್ದರು. ಗ್ರಂಥಿ ತೆಗೆದ ಕೈಗೆ ಅತಿಯಾದ ಬಿಸಿ ತಾಗಿದರೆ ಊದಿಕೊಳ್ಳುವ ಭಯ. ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬಹುದು, ಎಡಗೈ ಮಾತ್ರ ಹೊರಗಿರಬೇಕು ಎಂದು ಅವರ ಅಪ್ಪಣೆ. ಆದುದರಿಂದ ನಾನೂ ಅಕ್ಕನೂ ಹೂಳಿಸಿಕೊಂಡೆವು. ಅಮ್ಮ ದೂರದಲ್ಲಿ ಕುಳಿತು ನೋಡಿದಳು.

ಮೊದಲು ಮರಳಿನ ಭಾರ. ಆಮೇಲೆ ಅಂಗಾಲಿನಲ್ಲಿ, ಬೆನ್ನಿನಲ್ಲಿ, ಬೆರಳುಗಳ ತುದಿಯಲ್ಲಿ ನಾಡಿ ಬಡಿಯುವುದು ತಿಳಿಯತೊಡಗಿತು. ಮೈಯೆಲ್ಲ ಒಂದೇ ಹೃದಯವಾದಂತೆ. ಕಿವಿಯ ಹತ್ತಿರವೇ ಅಲೆಗಳ ಸದ್ದು. ನಮ್ಮ ಸಾಲಿನಲ್ಲಿ ಹತ್ತು ಹನ್ನೆರಡು ತಲೆಗಳು, ಟವೆಲ್ ಸುತ್ತಿಕೊಂಡು, ಹೊಲದಲ್ಲಿ ಬಿಟ್ಟ ಕುಂಬಳಕಾಯಿಗಳಂತೆ ಬಿದ್ದಿದ್ದವು. ಹತ್ತು ನಿಮಿಷವೇ ಹೆಚ್ಚು. ಅಷ್ಟರಲ್ಲಿ ಅಮ್ಮ "ಸಾಕು ಏಳ್ರೇ, ಹೊತ್ತಾಯ್ತು!" ಎಂದು ಕೂಗತೊಡಗಿದ್ದಳು. ಇಬ್ಬರು ಮಕ್ಕಳನ್ನೂ ಮಣ್ಣಿನಲ್ಲಿ ನೋಡುತ್ತ ಕುಳಿತಿರುವುದು ಅವಳಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ.

ಮರಳು ತೊಳೆದುಕೊಂಡು ಬಿಸಿನೀರಿನ ಕೊಳಕ್ಕೆ ಹೋಗಬೇಕು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಆದರೆ ಒಳಗೆ ಬಟ್ಟೆಯಿಲ್ಲ. ಕುಳ್ಳು ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಕೊಳಕ್ಕೆ ಇಳಿಯತಕ್ಕದ್ದು. ಚಿಕ್ಕ ಟವೆಲನ್ನು ನೀರಿಗೆ ಅದ್ದಕೂಡದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ನಾಚಿಕೆಯಾಗಲಿಲ್ಲವೆಂದರೆ ಸುಳ್ಳು. ಅದು ಎರಡು ನಿಮಿಷ ಇತ್ತು, ಆಮೇಲೆ ಎಲ್ಲಿಗೆ ಹೋಯಿತೋ ತಿಳಿಯದು. ಜಾಹೀರಾತುಗಳಲ್ಲಿ ಕಾಣುವಂಥ ಮೈ ಅಲ್ಲಿ ಒಂದೂ ಇರಲಿಲ್ಲ. ಸುಕ್ಕಿನವರು, ಬೊಜ್ಜಿನವರು, ಹೊಟ್ಟೆಯ ಮೇಲೆ ಹೆರಿಗೆಯ ಗೆರೆಯುಳ್ಳವರು, ಬೆನ್ನು ಬಾಗಿದವರು. ಯಾರೂ ಯಾರನ್ನೂ ನೋಡುವುದಿಲ್ಲ. ಹಿಂದಿರುಗಿ ಇದನ್ನೆಲ್ಲ ಉತ್ಸಾಹದಿಂದ ಅಮ್ಮನಿಗೆ ಹೇಳಿದೆ. ಅವಳು, "ಅವರದೆಲ್ಲ ಇದ್ದದ್ದು ಇದ್ದ ಹಾಗಿದೆ. ನನ್ನದು ಹಾಗಲ್ಲವಲ್ಲ" ಎಂದಳು. ಬಿ.ಎ. ಓದುತ್ತಿರುವ ನನ್ನ ಬಾಯಿ ಮುಚ್ಚಿತು.

ನಾವು ಇಳಿದುಕೊಂಡಿದ್ದ ಬಿಡಾರ ಕಡಲಿಗೆ ಎದುರಾಗಿತ್ತು. ಚಾಪೆ ಹಾಸಿದ ಕೋಣೆ. ನೆಲದ ಮೇಲೆ ಹಾಸಿಗೆ. ಅದು ಅಮ್ಮನಿಗೆ ಬಹಳ ಮೆಚ್ಚಿಕೆಯಾಯಿತು. ಊಟದಲ್ಲಿ ಮೀನು ಸೋಕದ ಪದಾರ್ಥ ಅನ್ನವೊಂದೇ. ಸುತ್ತಮುತ್ತಲ ಊರುಗಳೇ ಒಣಮೀನಿಗೆ ಹೆಸರಾದವು, ಸಾರಿಗೂ ಅದೇ ಜೀವ. ಚಟ್ನಿಪುಡಿಯೂ ಬೇಯಿಸಿದ ಗೆಣಸೂ ನಮ್ಮನ್ನು ಕಾಪಾಡಿದವು.

ಊಟವಾದ ಮೇಲೆ ಅಕ್ಕ ಒಂದು ಪೊಟ್ಟಣ ಬಿಚ್ಚಿದಳು. ಒಳಗೆ ತೆಳುವಾದ, ತೋಳಿಲ್ಲದ ಒಂದು ಉಡುಪು. ಮುಂದೆ ಎದೆ ಮುಚ್ಚುತ್ತದೆ, ಹಿಂದೆ ಬೆನ್ನು ತೆರೆದಿರುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯಾದವರು ಎಲ್ಲರೊಡನೆ ಸ್ನಾನಕ್ಕಿಳಿಯಲೆಂದೇ ಜಪಾನಿನಲ್ಲಿ ಇದನ್ನು ತಯಾರಿಸುತ್ತಾರೆ. ಇದನ್ನು ತೊಟ್ಟು ಬಂದವರನ್ನು ತಡೆಯಬೇಡಿರೆಂದು ಅಲ್ಲಿನ ಆರೋಗ್ಯ ಸಚಿವಾಲಯವೇ ಭಿತ್ತಿಪತ್ರ ಹೊರಡಿಸಿದೆ. ಅಕ್ಕ ಎಲ್ಲವನ್ನೂ ವಿವರಿಸಿದಳು. ಅಮ್ಮ ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು. "ಇದನ್ನು ತೊಟ್ಟುಕೊಂಡರೆ ಇವಳಿಗೆ ಏನೋ ಆಗಿದೆ ಎಂದು ಬೋರ್ಡು ನೇತುಹಾಕಿಕೊಂಡ ಹಾಗೆ ಆಗುವುದಿಲ್ಲವೇನೇ?"

ಅಕ್ಕನಿಗೆ ಸಿಟ್ಟು ಬಂತು. "ಅಷ್ಟು ದೂರದಿಂದ ಇದಕ್ಕಾಗಿಯೇ ಕರೆದುಕೊಂಡು ಬಂದೆನಲ್ಲಮ್ಮ."

"ಕರೆದುಕೊಂಡು ಬಾ ಎಂದು ನಾನು ಕೇಳಿದೆನೇನೇ?"

"ನೀನು ಏನನ್ನೂ ಕೇಳುವುದಿಲ್ಲ. ತೋರಿಸುವುದೂ ಇಲ್ಲ. ಆವಾಗ ಫೋನಿನಲ್ಲೂ ಸೆರಗು ಹೊದ್ದುಕೊಂಡೇ ಕೂತಿದ್ದೆ. ನನಗೆ ಇವತ್ತಿಗೂ ನಿನಗೆ ಏನಾಯಿತು ಎಂದು ಗೊತ್ತಿಲ್ಲ" ಎಂದು ಅಕ್ಕ ಅತ್ತುಬಿಟ್ಟಳು. ಅಮ್ಮ ಕೋಣೆಯ ಪಕ್ಕದ ಪುಟ್ಟ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು. ಆ ರಾತ್ರಿ ಮೂವರೂ ಗೋಡೆಗೊಬ್ಬರಾಗಿ ತಿರುಗಿ ಮಲಗಿದೆವು. ವಿಶ್ರಾಂತಿಗೆಂದು ಬಂದ ಊರು!

ಬೆಳಗಿನ ಜಾವ ಎಚ್ಚರವಾದಾಗ ಅಮ್ಮನ ಹಾಸಿಗೆ ಬರಿದಾಗಿತ್ತು. ಕಿಟಕಿಯಾಚೆ ಕಡಲು ಇನ್ನೂ ಕಪ್ಪಗಿತ್ತು. ನನ್ನ ಎದೆ ಹಾರಿತು. ಪೊಟ್ಟಣ ನೋಡಿದೆ, ಅದೂ ಬರಿದು. ಮೆಟ್ಟಿಲಿಳಿದು ಹೆಂಗಸರ ಸ್ನಾನದ ಮನೆಯ ಕೆಂಪು ಪರದೆ ಸರಿಸಿದೆ. ಬುಟ್ಟಿಯಲ್ಲಿ ಅಮ್ಮನ ಸೀರೆ, ಒಪ್ಪವಾಗಿ ಮಡಿಸಿಟ್ಟಿತ್ತು. ಗಾಜಿನ ಬಾಗಿಲ ಮೇಲೆ ಹಬೆ. ಒರೆಸಿ ನೋಡಿದೆ.

ಕುಳ್ಳು ಮಣೆಯ ಮೇಲೆ ಎಂಬತ್ತು ದಾಟಿದ ಒಬ್ಬ ಜಪಾನಿ ಮುದುಕಿ ಕುಳಿತಿದ್ದಳು. ಅವಳ ಹಿಂದೆ ಆ ಉಡುಪು ತೊಟ್ಟ ಅಮ್ಮ, ಟವೆಲನ್ನು ಕೈಗೆ ಸುತ್ತಿಕೊಂಡು ಮುದುಕಿಯ ಬೆನ್ನು ಉಜ್ಜುತ್ತಿದ್ದಾಳೆ. ನಮ್ಮ ನರಕಚತುರ್ದಶಿಯ ಉಜ್ಜೇ ಅದು. ಮುದುಕಿಯ ತಲೆ ಒಂದೊಂದು ಎಳೆತಕ್ಕೂ ಮುಂದಕ್ಕೆ ಬಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಹಿಂತಿರುಗಿ ಅಮ್ಮನ ಭುಜ ಹಿಡಿದು, ಮಗುವನ್ನು ತಿರುಗಿಸುವಂತೆ ತಿರುಗಿಸಿ ಕೂರಿಸಿದಳು. ಅಮ್ಮನ ಬೆನ್ನಿನ ಮೇಲೆ ಬಿಸಿನೀರು ಹೊಯ್ದಳು. ನಾನು ಬಾಗಿಲು ತೆರೆಯದೆ ಮೇಲಕ್ಕೆ ಬಂದು ಮುಸುಕು ಹಾಕಿಕೊಂಡೆ.

ಅಮ್ಮ ಬಂದಾಗ ಮುಖ ಕೆಂಪಾಗಿತ್ತು. "ಈ ಊರಿನಲ್ಲಿ ಒಂದು ಲೋಟ ಕಾಫಿ ಸಿಕ್ಕುವುದಿಲ್ಲವೇನೇ?" ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, "ನೀರು ಉಪ್ಪುಪ್ಪು. ಆ ಅಜ್ಜಿಗೆ ಮೂವರು ಸೊಸೆಯರಂತೆ, ಒಬ್ಬಳೂ ಬೆನ್ನುಜ್ಜುವುದಿಲ್ಲವಂತೆ" ಎಂದಳು.

"ನಿನಗೆ ಜಪಾನಿ ಯಾವಾಗ ಬಂತಮ್ಮ?" ಎಂದೆ.

"ಅಷ್ಟು ತಿಳಿದುಕೊಳ್ಳುವುದಕ್ಕೆ ಜಪಾನಿ ಯಾಕೆ ಬೇಕು?"

ಹೊತ್ತೇರಿದ ಮೇಲೆ ಅವಳೇ ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಕೆಳಗಿಳಿದಳು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮ ಅಕ್ಕನ ಕಡೆಗೆ ತಿರುಗಿ ನಿಂತು, ಸೆರಗು ತೆಗೆದು, "ನೋಡು. ಇಷ್ಟೇ" ಎಂದಳು. ಅಕ್ಕ ನೋಡಿದಳು. ನಾನೂ ನೋಡಿದೆ, ಒಂದೇ ಮನೆಯಲ್ಲಿ ಮೂರು ವರ್ಷ ಇದ್ದೂ ನಾನು ನೋಡಿರಲಿಲ್ಲ. ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಒಂದು ಗೆರೆ. ಅಕ್ಕ ಏನೂ ಹೇಳದೆ ಆ ಉಡುಪಿನ ದಾರವನ್ನು ಹಿಂದಿನಿಂದ ಕಟ್ಟಿದಳು. ಕೊಳದಲ್ಲಿ ಅಮ್ಮ ಎಡಗೈಯನ್ನು ಬಂಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಹತ್ತು ನಿಮಿಷ ಕುಳಿತಿದ್ದಳು. ಗಾಜಿನಾಚೆ ಕಡಲು, ಅದರ ಮೇಲೆ ಬಿಸಿಲು. ಮೂವರೂ ಮಾತಾಡಲಿಲ್ಲ. ನನ್ನ ಮಟ್ಟಿಗೆ ಜಪಾನ್ ಪ್ರವಾಸವೆಂದರೆ ಆ ಹತ್ತು ನಿಮಿಷ.

ಇನ್ನು ಬೆಂಡೆಕಾಯಿ. ಅಂದು ಮಧ್ಯಾಹ್ನ ಕೈಮೋನ್ ಪರ್ವತವನ್ನು ನೋಡಲು ಹೋದೆವು. 924 ಮೀಟರು ಎತ್ತರ, ಗೋಪುರದಂತೆ ಒಪ್ಪವಾದ ಬೆಟ್ಟ. ಅದನ್ನು ಆ ನಾಡಿನ ಫೂಜಿ ಎನ್ನುತ್ತಾರೆ. ಅಮ್ಮ ಬೆಟ್ಟವನ್ನು ಒಂದು ಸಲ ನೋಡಿ, ರಸ್ತೆಯ ಪಕ್ಕದ ಹೊಲಕ್ಕೆ ಕಣ್ಣು ಕೀಲಿಸಿ, "ಅಯ್ಯೋ, ಬೆಂಡೆಕಾಯಿ!" ಎಂದು ಕೂಗಿದಳು. ನಿಜವೇ. ಇಡೀ ಜಪಾನಿನಲ್ಲಿ ಬೆಂಡೆಕಾಯಿ ಬೆಳೆಯುವುದರಲ್ಲಿ ಇಬುಸುಕಿಯೇ ಮೊದಲನೆಯದಂತೆ. ಅವಳು ಕಾಯಿಗಳನ್ನು ದೂರದಿಂದಲೇ ಪರೀಕ್ಷಿಸಿ, ನಮ್ಮ ಹಿತ್ತಲಿನದಕ್ಕಿಂತ ಎಳೆಯದರಲ್ಲೇ ಕೊಯ್ಯುತ್ತಾರೆಂದು ತೀರ್ಮಾನ ಕೊಟ್ಟಳು.

ಊರಿಗೆ ಬಂದ ಮೇಲೆ ನವೆಂಬರಿನಲ್ಲಿ ಸೋದರಮಾವನ ಮಗಳ ಮದುವೆಯಾಯಿತು. ಈ ಸಲ ಹಿಂದಿನ ಸಂಜೆಯೇ ಹೋದೆವು. ಬಚ್ಚಲುಮನೆಯ ಅಗಳಿ ಇನ್ನೂ ಇದೆ. ಜಪಾನಿಗೆ ಹೋಗಿಬಂದ ಮಾತ್ರಕ್ಕೆ ಅದೇನೂ ಉದುರಿಬೀಳಲಿಲ್ಲ. ಆದರೆ ಮುಹೂರ್ತದ ಬೆಳಗ್ಗೆ, ಇಪ್ಪತ್ತು ಮಂದಿ ಹೆಂಗಸರ ಗದ್ದಲದಲ್ಲಿ, ಅಮ್ಮ ಕೋಣೆಯ ಮೂಲೆ ಹಿಡಿದು ಸೀರೆ ಉಡತೊಡಗಿದಳು. ನಾನು ಬೆಡ್‌ಶೀಟನ್ನು ಕತ್ತಿನ ಮಟ್ಟಕ್ಕೆ ಎತ್ತಿ ಹಿಡಿದು ಅಡ್ಡ ನಿಂತಿದ್ದೆ. "ಸ್ವಲ್ಪ ಕೆಳಗೆ ಹಿಡಿಯೇ, ಗಾಳಿಯೇ ಆಡುತ್ತಿಲ್ಲ" ಎಂದಳು ಅಮ್ಮ.