ಹೆಬ್ಬೆಟ್ಟಿನ ಗುರುತು

ನಮ್ಮ ತಂದೆಯವರು ವಿಮಾ ಏಜೆಂಟರಾಗಿದ್ದರು. ಮನೆ ಹೊಳೆನರಸೀಪುರದಲ್ಲಿ. ಪಾಲಿಸಿದಾರರು ಮಾತ್ರ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಹರಡಿಕೊಂಡಿದ್ದರು. ಅರಕಲಗೂಡಿನ ಕಡೆ ಹೊಗೆಸೊಪ್ಪಿನವರು, ಹಾಸನದ ಕಡೆ ಆಲೂಗಡ್ಡೆಯವರು, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದವರು. ಯಾರ ಕೈಯಲ್ಲಿ ಯಾವ ತಿಂಗಳು ಕಾಸು ಓಡಾಡುತ್ತದೆಂಬುದು ಅಪ್ಪನಿಗೆ ಪಂಚಾಂಗದಷ್ಟೇ ಕರಾರುವಾಕ್ಕಾಗಿ ಗೊತ್ತಿತ್ತು. ಈ ಓಡಾಟಕ್ಕೆಲ್ಲ ಇದ್ದದ್ದು ಒಂದು ಯೆಜ್ಡಿ ಮೋಟಾರ್ ಸೈಕಲ್ಲು. ನಮ್ಮದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಎಂದು ಅವರಿಗೆ ಅದರ ಮೇಲೆ ನೆಂಟಸ್ತಿಕೆಯ ಅಭಿಮಾನ. ಅದು ಬೀದಿಯ ತುದಿಗೆ ಬರುವ ಮೊದಲೇ ಅದರ ಸದ್ದು ಬರುತ್ತಿತ್ತು. ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದದ್ದು ಆ ಸದ್ದು ಕೇಳಿಯೇ.

1991ರಲ್ಲಿ ನಾನು ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ಎರಡನೆಯ ವರ್ಷ. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬಂದು ಸೋಮವಾರ ಬೆಳಿಗ್ಗೆ ತಿಂಡಿ ಡಬ್ಬಿಯೊಂದಿಗೆ ವಾಪಸ್ಸು. ಅರ್ಧ ಓದಿದವನಿಗೆ ಇರುವಷ್ಟು ಧೈರ್ಯ ಪೂರ್ತಿ ಓದಿದವನಿಗೂ ಇರುವುದಿಲ್ಲ ನೋಡಿ, ನನಗೆ ಆ ಧೈರ್ಯ ಬೇಕಾದಷ್ಟಿತ್ತು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅರಕಲಗೂಡಿನ ರಸ್ತೆಯಲ್ಲಿ ಮುಂದಿನ ಚಕ್ರದಿಂದ ಸಿಡಿದ ಜಲ್ಲಿಕಲ್ಲೊಂದು ಗಾಡಿಯ ತಳಕ್ಕೆ ಬಡಿಯಿತು. ಗೇರ್‌ಬಾಕ್ಸಿನ ಅಡಿಯಲ್ಲಿ ಕೂದಲೆಳೆಯಂಥ ಸೀಳು. ನಿಲ್ಲಿಸಿದ ಕಡೆಯಲ್ಲೆಲ್ಲ ಕಾಸಿನಗಲದ ಎಣ್ಣೆಯ ಬೊಟ್ಟು ಬೀಳತೊಡಗಿತು. ಅಮ್ಮ ರಂಗೋಲಿ ಹಾಕುವ ಜಾಗದಲ್ಲಿ ಒಂದು ಕರಟ ಇಟ್ಟಳು. ಪಾಲಿಸಿದಾರರ ಮನೆಗಳಲ್ಲೂ, 'ಏಜೆಂಟ್ರು ಬಂದು ಹೋದ್ರೇನೋ, ಅಂಗಳದಲ್ಲಿ ಬೊಟ್ಟಿದೆ' ಎಂದು ಗುರುತು ಹಿಡಿಯುವ ಹಾಗಾಯಿತು.

ಸೋರುವ ಗಾಡಿಗೆ ನಮ್ಮ ವಂಶದಲ್ಲಿ ಮನೆಮದ್ದುಗಳಿಗೇನೂ ಕೊರತೆ ಇರಲಿಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಿ ಸೂಜಿ ಮೊನೆಯಷ್ಟು ತೂತಾದರೆ ಉಜ್ಜಲೆಂದು ಅಪ್ಪನ ಟೂಲ್ ಬಾಕ್ಸಿನಲ್ಲಿ ಯಾವಾಗಲೂ ಅರ್ಧ ತುಂಡು 501 ಸೋಪು ಇರುತ್ತಿತ್ತು. ನಗಬೇಡಿ, ಅದು ಕೆಲಸ ಮಾಡುತ್ತದೆ. ಬಟ್ಟೆ ಸೋಪು ನೀರಿನಲ್ಲಿ ಕರಗುತ್ತದೆಯೇ ಹೊರತು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಒತ್ತಿ ತಿಕ್ಕಿದರೆ ತೂತಿನೊಳಗೆ ಬಿರಡೆಯಂತೆ ಕೂರುತ್ತದೆ, ಮಳೆ ಬರುವ ತನಕ. ಚನ್ನರಾಯಪಟ್ಟಣದಲ್ಲಿದ್ದ ನಮ್ಮ ಚಿಕ್ಕಪ್ಪ ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರ್ ಕಾರಿನ ರೇಡಿಯೇಟರಿಗೆ ಅರಿಶಿನ ಹಾಕುತ್ತಿದ್ದರು. ಒಂದು ಹಿಡಿ ಅರಿಶಿನದ ಪುಡಿ ನೀರಿನೊಂದಿಗೆ ಸುತ್ತಿ ಸುತ್ತಿ, ಸೋರುವ ಸಂದಿಗೆ ಬಂದಾಗ ನೀರು ಮಾತ್ರ ಹೊರಗೆ ಹೋಗಿ ಪುಡಿ ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಳೆಯ ಲಾರಿ ಡ್ರೈವರುಗಳೆಲ್ಲ ಇದನ್ನು ಬಲ್ಲರು. ಈಗಿನ ಕಾರುಗಳಿಗೆ ದಯವಿಟ್ಟು ಹಾಕಬೇಡಿ, ಅವುಗಳ ರೇಡಿಯೇಟರಿನ ಕೊಳವೆಗಳು ಎಷ್ಟು ಸಣ್ಣವೆಂದರೆ ಸೋರುವ ಜಾಗದ ಜೊತೆಗೆ ಸೋರದ ಜಾಗವೂ ಮುಚ್ಚಿಹೋದೀತು.

ಆದರೆ ಅಲ್ಯೂಮಿನಿಯಂ ಗೇರ್‌ಬಾಕ್ಸಿನ ಸೀಳಿಗೆ ಸೋಪೂ ನಡೆಯಲಿಲ್ಲ, ಅರಿಶಿನವೂ ನಡೆಯುವಂತಿರಲಿಲ್ಲ. ನಮ್ಮೂರ ಮೆಕ್ಯಾನಿಕ್ ಅಣ್ಣ ಕೆಳಗೆ ಮಲಗಿ ನೋಡಿ, 'ಇಂಜಿನ್ ಇಳಿಸಿ ಮೈಸೂರಿಗೆ ಕಳಿಸಬೇಕು ಯಜಮಾನ್ರೇ, ಆರ್ಗಾನ್ ವೆಲ್ಡಿಂಗೇ ಆಗಬೇಕು. ಒಂದು ಆರುನೂರು ಇಟ್ಕೊಳ್ಳಿ' ಎಂದರು. ನನ್ನ ಕಾಲೇಜಿನ ಫೀಸೂ ಅದೇ ತಿಂಗಳು ಕಟ್ಟಬೇಕಿತ್ತು. ಅಪ್ಪ ಏನೂ ಹೇಳಲಿಲ್ಲ. ಕರಟದಲ್ಲಿ ಬಿದ್ದ ಎಣ್ಣೆಯನ್ನು ಮತ್ತೆ ಗಾಡಿಗೇ ಸುರಿದುಕೊಂಡು ಓಡಾಡತೊಡಗಿದರು.

ನಾನು ಹಾಸನದ ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲ್ ಪೊಟ್ಟಣ ತಂದದ್ದು ಆಗ. ಬಿಳಿಯದೊಂದು ಉಂಡೆ, ಕಪ್ಪಗಿನದೊಂದು ಉಂಡೆ. ಎರಡನ್ನೂ ಸಮಸಮ ತೆಗೆದುಕೊಂಡು ಒಂದೇ ಬಣ್ಣ ಬರುವವರೆಗೆ ಚಪಾತಿ ಹಿಟ್ಟಿನಂತೆ ನಾದಬೇಕು. ಕ್ಲಾಸಿನಲ್ಲಿ ಇದರ ಪಾಠವೂ ಆಗಿತ್ತು. ಎಪಾಕ್ಸಿ ಎಂಬ ಈ ಅಂಟಿಗೆ ಮೋಟಾರಿನವರು ಮೂಲಪುರುಷರಲ್ಲ, ಹಲ್ಲಿನವರು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಎಂಬ ರಸಾಯನ ವಿಜ್ಞಾನಿ ಕೃತಕ ದಂತಪಂಕ್ತಿಗೆಂದು ಇದರ ಪ್ರಯೋಗಕ್ಕಿಳಿದರು. ಮುಂದೆ ಸೀಬಾ ಕಂಪನಿ 1946ರಲ್ಲಿ ಅದನ್ನು ಅರಾಲ್ಡೈಟ್ ಎಂಬ ಹೆಸರಿನ ಅಂಟಾಗಿ ಹೊರತಂದಿತು. ಮೈದಾ ಅಂಟಿನಂತೆ ಇದು ಒಣಗಿ ಗಟ್ಟಿಯಾಗುವುದಲ್ಲ. ರಾಳ ಮತ್ತು ಗಟ್ಟಿಕಾರಕ ಎರಡೂ ಸೇರಿ, ಒಂದರ ಅಣು ಇನ್ನೊಂದಕ್ಕೆ ಕೊಂಡಿ ಹಾಕಿ, ಮತ್ತೆ ಬಿಡಿಸಲಾಗದ ಬಲೆಯಾಗುತ್ತವೆ. ಆಗ ಬಿಸಿಯೂ ಹುಟ್ಟುತ್ತದೆ. ಬೇಗ ಗಟ್ಟಿಯಾಗಲಿ ಎಂದು ಗಟ್ಟಿಕಾರಕವನ್ನು ಒಂದು ಪಾಲು ಹೆಚ್ಚು ಹಾಕಿದರೆ ಹೆಚ್ಚಾದದ್ದಕ್ಕೆ ಜೋಡಿ ಸಿಗದೆ ಮೆದುವಾಗಿಯೇ ಉಳಿಯುತ್ತದೆ. ಇಷ್ಟನ್ನೂ ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತೆ. ಎಣ್ಣೆ ಬಸಿಯಬೇಕು, ಸೀಳಿನ ಸುತ್ತ ಎಣ್ಣೆಯ ಪಸೆ ಹೋಗುವವರೆಗೆ ತೊಳೆಯಬೇಕು, ಎಮರಿ ಕಾಗದದಿಂದ ಉಜ್ಜಿ ಮೈ ಒರಟು ಮಾಡಬೇಕು, ಅಂಟಿಸಿದ ಮೇಲೆ ಒಂದು ರಾತ್ರಿಯಾದರೂ ಮುಟ್ಟಬಾರದು ಎಂದೆಲ್ಲ ನನಗೆ ಗೊತ್ತಿತ್ತು. ಸಂಜೆ ದೂರದರ್ಶನದಲ್ಲಿ ಕನ್ನಡ ಚಿತ್ರವಿತ್ತು, ಅದೂ ಗೊತ್ತಿತ್ತು. ಹಳೆಯ ಬನಿಯನ್ನಿನ ಚೂರಿನಿಂದ ಎರಡು ಸಲ ಒರೆಸಿದೆ. ಸೀಳಿನಿಂದ ಸಣ್ಣಗೆ ಎಣ್ಣೆ ಜಿನುಗುತ್ತಲೇ ಇತ್ತು. ಎಮರಿ ಕಾಗದ ಹುಡುಕಿದೆ, ಸಿಗಲಿಲ್ಲ. ಪಕ್ಕದ ಬೀದಿಯ ಅಂಗಡಿಗೆ ಹೋಗಿ ತರಬಹುದಿತ್ತು. ನಾದಿದ ಅಂಟನ್ನು ಹಚ್ಚಿ ಹೆಬ್ಬೆಟ್ಟಿನಿಂದ ಬಲವಾಗಿ ಒತ್ತಿದೆ. ಗಂಟೆಯೊಳಗೆ ಅದು ಕಲ್ಲಿನಂತಾಯಿತು. ಹೊಸ ಎಣ್ಣೆ ಸುರಿದು ಕರಟ ಇಟ್ಟು ನೋಡಿದೆ. ಒಂದು ತೊಟ್ಟೂ ಬೀಳಲಿಲ್ಲ.

ಅಪ್ಪ ಬಗ್ಗಿ ನೋಡಿ, 'ಚೆನ್ನಾಗಿ ಉಜ್ಜಿದೆಯೇನೋ? ಬಿಡೋದಿಲ್ಲ ತಾನೆ?' ಎಂದರು.

'ಎಲ್ಲಾ ಉಜ್ಜಿದ್ದೀನಿ ಅಪ್ಪ. ಕಬ್ಬಿಣ ಬಿಟ್ಟರೂ ಇದು ಬಿಡಲ್ಲ' ಎಂದೆ.

ಅವರು ಒಳಗೆ ಹೋಗಿ ಟ್ರಂಕಿನಿಂದ ಆರುನೂರು ರೂಪಾಯಿ ತಂದು, 'ಹಾಗಾದರೆ ಇದು ನಿನ್ನ ಫೀಸಿಗೆ' ಎಂದು ಕೊಟ್ಟರು. ನಾನು ಸಿನಿಮಾ ನೋಡಿದೆ.

ಆಮೇಲೆ ಆದದ್ದು ಗುರುವಾರ. ಅಪ್ಪ ಚನ್ನರಾಯಪಟ್ಟಣದಲ್ಲಿ ಒಂದೆರಡು ಮನೆಗಳಿಂದ ಕಂತಿನ ಹಣ ಪಡೆದು ಹಾಸನದ ಕಚೇರಿಗೆ ಹೊರಟಿದ್ದರು. ಅದರಲ್ಲಿ ಒಬ್ಬ ವಿಧವೆಯ ಪಾಲಿಸಿಗೆ ಕೊಟ್ಟಿದ್ದ ಗಡುವು ಅಂದೇ ಮುಗಿಯುತ್ತಿತ್ತು. ಅಪ್ಪನ ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಇಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಗೇರು, ಕ್ಲಚ್ಚುಗಳ ಎಣ್ಣೆ ಬೇರೆ. ಹಾಗಾಗಿ ಗೇರ್‌ಬಾಕ್ಸು ಪೂರಾ ಬರಿದಾದರೂ ಇಂಜಿನ್ನು ಮಾತ್ರ ಏನೂ ಆಗಿಲ್ಲವೆಂಬಂತೆ ಹಾಡುತ್ತಲೇ ಇರುತ್ತದೆ. ನನ್ನ ತೇಪೆ ಎಲ್ಲಿ ಬಿಟ್ಟುಕೊಂಡಿತೋ ಅಪ್ಪನಿಗೆ ತಿಳಿಯಲೇ ಇಲ್ಲ. ಶಾಂತಿಗ್ರಾಮದ ಹತ್ತಿರ ಕೆಳಗಿನಿಂದ ಕೀರಲು ಸದ್ದು ಬಂತಂತೆ. ಕ್ಲಚ್ ಹಿಡಿಯುವಷ್ಟರಲ್ಲಿ ಗೇರು ಕಚ್ಚಿಕೊಂಡು ಹಿಂದಿನ ಚಕ್ರ ಸುತ್ತುವುದನ್ನೇ ನಿಲ್ಲಿಸಿತು. ಗಾಡಿ ಅಡ್ಡಡ್ಡ ಜಾರಿ ಅಪ್ಪ ರಸ್ತೆಯಂಚಿನ ಮಣ್ಣಿಗೆ ಬಿದ್ದರು. ಬೆಂಗಳೂರು–ಮಂಗಳೂರು ಹೆದ್ದಾರಿ ಅದು. ಹಿಂದೆ ಬರುತ್ತಿದ್ದ ತೆಂಗಿನಕಾಯಿ ಲಾರಿಯವನಿಗೆ ಬ್ರೇಕು ಹಾಕುವಷ್ಟು ದೂರ ಸಿಕ್ಕಿತು. ಆ ದೂರ ಎಷ್ಟಿತ್ತೆಂದು ಅಪ್ಪ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಅದೇ ಲಾರಿಯಲ್ಲಿ ಹಾಸನಕ್ಕೆ ಬಂದವರು ಮೊದಲು ಕಚೇರಿಗೆ ಹೋಗಿ, ಕೌಂಟರು ಮುಚ್ಚುವ ಮೊದಲು ಎಡಗೈಯಲ್ಲಿ ಹಣ ಎಣಿಸಿ ಕಂತು ಕಟ್ಟಿ, ರಸೀದಿ ಪಡೆದು, ಆಮೇಲೆ ಆಸ್ಪತ್ರೆಗೆ ಹೋದರು. ನನಗೆ ಸುದ್ದಿ ಬಂದದ್ದು ವರ್ಕ್‌ಶಾಪ್ ತರಗತಿಯಲ್ಲಿ, ಕೈಯಲ್ಲಿ ಅರ ಹಿಡಿದು ಕಬ್ಬಿಣದ ತುಂಡೊಂದನ್ನು ಉಜ್ಜುತ್ತಿದ್ದಾಗ. ಓಡಿಹೋದೆ. ಪ್ಲಾಸ್ಟರಿನ ಕೈ ಎದೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಪ್ಪ, 'ಊಟ ಆಯ್ತೇನೋ?' ಎಂದು ಕೇಳಿದರು.

ಗಾಡಿಯನ್ನು ಊರಿಗೆ ಸಾಗಿಸಿದ ಮೆಕ್ಯಾನಿಕ್ ಅಣ್ಣ ತೇಪೆಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಅದು ಪೂರ್ತಿ ಕೆಳಗೆ ಬಿದ್ದಿರಲಿಲ್ಲ. ಫ್ರೇಮಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತಂತೆ. ಒಡೆದಿರಲಿಲ್ಲ, ಸವೆದಿರಲಿಲ್ಲ, ಇಡಿಯಾಗಿ, ಹಪ್ಪಳದ ಹಾಗೆ ಎದ್ದು ಬಂದಿತ್ತು. ಒಳಮೈಯಲ್ಲಿ ಸೀಳಿನ ಅಚ್ಚು ಬಿದ್ದು ಎಣ್ಣೆಯಿಂದ ಮೀನಿನ ಹೊಟ್ಟೆಯಂತೆ ಹೊಳೆಯುತ್ತಿತ್ತು. ಅಂಟು ಹಿಡಿದುಕೊಂಡಿದ್ದದ್ದು ಎಣ್ಣೆಯನ್ನೇ ಹೊರತು ಲೋಹವನ್ನಲ್ಲ. ಹೊರಮೈಯಲ್ಲಿ ನನ್ನ ಹೆಬ್ಬೆಟ್ಟಿನ ಗುರುತು, ಒಂದೊಂದು ಗೆರೆಯೂ ಎಣಿಸುವ ಹಾಗೆ.

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಓದು ಬಾರದ ಎಷ್ಟೋ ಪಾಲಿಸಿದಾರರ ಹೆಬ್ಬೆಟ್ಟನ್ನು ಮಸಿಗೆ ಅದ್ದಿಸಿ ಫಾರಂ ಮೇಲೆ ಒತ್ತಿಸಿದ್ದವರು ಅವರು. 'ಗುರುತು ಸ್ಪಷ್ಟವಾಗಿ ಬಿದ್ದಿದೆ' ಎಂದಷ್ಟೇ ಹೇಳಿ ಮೇಜಿನ ಡ್ರಾಯರಿನಲ್ಲಿ ಹಾಕಿದರು. ಎರಡೇಟು ಹೊಡೆದಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಮರುದಿನ ಅಮ್ಮನೆದುರಿಗೆ ನಾನೇ ಹೇಳಿದೆ: ಉಜ್ಜಿರಲಿಲ್ಲ, ಸುಳ್ಳು ಹೇಳಿದೆ. ಅಮ್ಮ ಅತ್ತಳು. ಅಪ್ಪ, 'ಗೊತ್ತು. ಎಮರಿ ಕಾಗದ ಟೂಲ್ ಬಾಕ್ಸಿನಲ್ಲಿ ಸೋಪಿನ ಕೆಳಗಿತ್ತು' ಎಂದರು.

ಗೇರು, ಬೇರಿಂಗು ಬದಲಿಸಲು ಒಂಬೈನೂರು ಚಿಲ್ಲರೆ ಹೋಯಿತು. ವೆಲ್ಡಿಂಗಿಗೆ ಮತ್ತೆ ಕೈಯಲ್ಲಿ ಕಾಸಿರಲಿಲ್ಲ. ಸೀಳು ಚಿಕ್ಕದು, ಭಾರ ಬೀಳುವ ಜಾಗವಲ್ಲ, ಸರಿಯಾಗಿ ಮಾಡಿದರೆ ಅಂಟೇ ನಿಲ್ಲುತ್ತದೆ ಎಂದ ಮೆಕ್ಯಾನಿಕ್ ಅಣ್ಣ, 'ಮಾಡಪ್ಪಾ ಇಂಜಿನಿಯರ್ರೇ, ನಾನು ಕೂತಿರ್ತೀನಿ' ಎಂದರು. ಈ ಸಲ ಪೆಟ್ರೋಲ್ ಟ್ಯಾಂಕು ಬಿಚ್ಚಿ ಹಿತ್ತಲ ಆ ತುದಿಗೆ ಇಟ್ಟೆವು. ಎಣ್ಣೆ ಬಸಿದು ಗಾಡಿಯನ್ನು ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿಸಿದೆವು. ಸೀಳಿನ ಎರಡು ತುದಿಯಲ್ಲೂ ಸಣ್ಣ ತೂತು ಕೊರೆಯಿಸಿದರು. ಹರಿಯುವ ಬಟ್ಟೆಯ ಕೊನೆಗೆ ಹೊಲಿಗೆ ಹಾಕಿದ ಹಾಗೆ, ಸೀಳು ಮುಂದೆ ಓಡುವುದು ಅಲ್ಲಿಗೆ ನಿಲ್ಲುತ್ತದೆ. ಸೀಳಿನುದ್ದಕ್ಕೂ ಅರದಿಂದ ಸಣ್ಣ ಕಾಲುವೆ ತೆಗೆಸಿದರು, ಅಂಟಿಗೆ ಕಾಲೂರಲು. ಆಮೇಲೆ ಥಿನ್ನರಿನಲ್ಲಿ ತೊಳೆ, ಬಿಳಿ ಬಟ್ಟೆಯಲ್ಲಿ ಒರೆಸು, ಬಟ್ಟೆ ತೋರಿಸು. ಬಟ್ಟೆ ಕಪ್ಪಾದರೆ ಮತ್ತೆ ತೊಳೆ. ಒಂಬತ್ತು ಸಲ ತೋರಿಸಿದ ನೆನಪು. ಎಮರಿ ಉಜ್ಜಿ ಉಜ್ಜಿ ಬೆರಳ ತುದಿ ಚುರುಗುಟ್ಟಿತು. ಗಟ್ಟಿಕಾರಕ ಕೆಲವರ ಚರ್ಮಕ್ಕೆ ಆಗುವುದಿಲ್ಲವೆಂದು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿದರು. ಹಾಗಾಗಿ ಎರಡನೆಯ ತೇಪೆಯ ಮೇಲೆ ಗುರುತಿಲ್ಲ. ಥಿನ್ನರಿನ ವಾಸನೆ ಪೂರಾ ಹೋದ ಮೇಲೆ, ಚಳಿಗಾಲವೆಂದು 60 ಕ್ಯಾಂಡಲಿನ ಬಲ್ಬೊಂದನ್ನು ಮೊಳದಷ್ಟು ದೂರ ಉರಿಸಿ ರಾತ್ರಿಯೆಲ್ಲ ಬಿಟ್ಟೆವು. ಬೆಚ್ಚಗಿದ್ದರೆ ಆ ಕೊಂಡಿಗಳು ಚೆನ್ನಾಗಿ ಕೂರುತ್ತವೆ. ಅಪ್ಪ ಪ್ಲಾಸ್ಟರಿನ ಕೈಯೊಂದಿಗೆ ಜಗಲಿಯ ಕುರ್ಚಿಯಲ್ಲಿ ಕುಳಿತು ಅಷ್ಟನ್ನೂ ನೋಡಿದರು. ಅಂದು ಕನ್ನಡ ಚಿತ್ರ ಯಾವುದಿತ್ತೋ ಯಾರಿಗೂ ಗೊತ್ತಿಲ್ಲ.

ಈಗ ನಾನೂ ಅದೇ ಹಾಸನದಲ್ಲಿ ಹುಡುಗರಿಗೆ ಇದನ್ನೇ ಕಲಿಸುತ್ತೇನೆ. 'ಸಾರ್, ಎಲ್ಲದಕ್ಕೂ ಎಂ-ಸೀಲ್ ಹಾಕಬಹುದಾ?' ಎಂದು ವರ್ಷಕ್ಕೊಬ್ಬನಾದರೂ ಕೇಳುತ್ತಾನೆ. ನೀರಿನ ಪೈಪಿಗೆ, ಎಣ್ಣೆ ಜಿನುಗುವ ಕವರಿಗೆ ಹಾಕಪ್ಪಾ ಎನ್ನುತ್ತೇನೆ. ಸೈಲೆನ್ಸರಿಗೆ ಬೇಡ, ಆ ಕಾವಿಗೆ ಮೆತ್ತಗಾಗಿ ಸುಟ್ಟೇ ಹೋಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಗ್ಯಾರೇಜು ತಲುಪುವಷ್ಟು ಹೊತ್ತಿಗೆ ಮಾತ್ರ; ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಕೆಲವು ಅಂಟುಗಳು ಇನ್ನೂ ಬೇಗ ಸೋಲುತ್ತವೆ. ಬ್ರೇಕಿನ ಎಣ್ಣೆ ಸೋರಿದರೆ ಗಾಡಿ ನಿಂತಲ್ಲೇ ಇರಲಿ, ಬಸ್ಸಿನಲ್ಲಿ ಮನೆಗೆ ಹೋಗು. ಇಷ್ಟು ಹೇಳಿ ಬಿಳಿ ಬಟ್ಟೆ ಕೊಡುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಹೊಸ ಬಟ್ಟೆಯ ತುಂಡೊಂದನ್ನು ಜೇಬಿನಿಂದ ತೆಗೆದು ತೋರಿಸಿದ. ಮಡಿಕೆ ಕೂಡ ಬಿಚ್ಚಿರಲಿಲ್ಲ. ನನಗೆ ಬೈಯಲು ಬಾಯಿ ಬರಲಿಲ್ಲ.

ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬಿಡಿ ಭಾಗಗಳು ಸಿಗುವುದು ಕಷ್ಟವಾಗುತ್ತದೆಂದು ಮರುವರ್ಷ ಅಪ್ಪ ಯೆಜ್ಡಿಯನ್ನು ಮಾರಲು ಒಪ್ಪಿದರು. ಕೊಳ್ಳಲು ಅರಕಲಗೂಡಿನ ಕಡೆಯವರೊಬ್ಬರು ಬಂದರು. ಓಡಿಸಿ ನೋಡಿ, ಸದ್ದು ಕೇಳಿ ಮೆಚ್ಚಿ, ಹಣ ತೆಗೆಯುತ್ತಿದ್ದಾಗ ಅಪ್ಪ, 'ಸ್ವಲ್ಪ ಬಗ್ಗಿ ನೋಡಿ' ಎಂದರು. 'ತಳ ಒಡೆದಿತ್ತು. ಮಗ ಎರಡು ಸಲ ಅಂಟಿಸಿದ್ದಾನೆ. ಮೊದಲನೆಯದು ಬಿಟ್ಟಿತು.'

ಅವರು ಬಗ್ಗಿ ನೋಡಿ, ಗಂಭೀರವಾಗಿ, ಮುನ್ನೂರು ರೂಪಾಯಿ ಮುರಿದುಕೊಂಡರು.

ಗಾಡಿ ಬೀದಿಯ ತಿರುವು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. 'ಯಾಕಪ್ಪಾ ಹೇಳಬೇಕಿತ್ತು? ಅವರು ಕೇಳಿರಲೇ ಇಲ್ಲ' ಎಂದೆ.

ಅಪ್ಪ ಹಣವನ್ನು ಮತ್ತೊಮ್ಮೆ ಎಣಿಸುತ್ತಿದ್ದರು, ಅಭ್ಯಾಸವಾಗಿಹೋಗಿದ್ದ ಎಡಗೈಯಲ್ಲಿ. 'ಎರಡನೆಯದು ಆರು ವರ್ಷದಿಂದ ಒಂದು ತೊಟ್ಟೂ ಬಿಟ್ಟಿಲ್ಲ ಅಂತ ಹೇಳೋಕೆ ಮರೆತೆನಲ್ಲೋ' ಎಂದರು. 'ಮುಂದಿನ ವಾರ ಅರಕಲಗೂಡಿಗೆ ಹೋಗೋದಿದೆ. ಹೇಳಿ ಬರ್ತೀನಿ.'